ಸುತ್ತು ಹೆಚ್ಚಾದರೆ ಶಕ್ತಿ ಹೆಚ್ಚು... ಯಾರು ಸ್ವಾಮಿ ಹೇಳಿದ್ದು?

ವಿದ್ಯುತ್ಕಾಂತದ ಶಕ್ತಿಯನ್ನು ಹೆಚ್ಚಿಸುವುದು ಹೇಗೆ? ಎರಡು ಅಂಕದ ಪ್ರಶ್ನೆ. ಉತ್ತರ ನಮಗೆಲ್ಲ ಬಾಯಿಪಾಠ. ಒಂದು, ತಂತಿಯ ಸುತ್ತು ಹೆಚ್ಚಿಸಿ. ಎರಡು, ಹರಿಯುವ ಕರೆಂಟು ಹೆಚ್ಚಿಸಿ. ತಗೊಳ್ಳಿ, ಎರಡಕ್ಕೆ ಎರಡು! ಮೇಷ್ಟ್ರೂ ಖುಷಿ, ಮಗುವೂ ಖುಷಿ, ಗೈಡು ಬರೆದವನಂತೂ ಮಹಾ ಖುಷಿ.

ನನ್ನ ತಕರಾರು ಇರುವುದೇ ಈ ಎರಡು ಅಂಕದ ಮೇಲೆ. ಉತ್ತರ ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. "ಕರೆಂಟು ಅಷ್ಟೇ ಇದ್ದರೆ" ಎಂಬ ನಾಲ್ಕಕ್ಷರದ ಷರತ್ತು ಹಾಕಿದ್ದರೆ ಮೊದಲನೆಯ ಸಾಲು ಅಪ್ಪಟ ನಿಜ. (ಅಕ್ಷರ ಎಣಿಸಲು ಹೋಗಬೇಡಿ, ಮಾತಿಗೆ ಹೇಳಿದೆ :)) ಆದರೆ ಆ ಷರತ್ತನ್ನು ನುಂಗಿಹಾಕಿ, ಒಂದು ಸೆಲ್ಲು, ಒಂದು ಮೊಳೆ, ಒಂದು ಸುರುಳಿ ತಂತಿ ಕೈಗೆ ಕೊಟ್ಟು "ಸುತ್ತು ಮಗಾ, ಸುತ್ತಿದಷ್ಟೂ ಶಕ್ತಿ" ಅಂತ ಹೇಳಿದರೆ ಅದು ಶುದ್ಧ ಮೋಸ. ಯಾಕೆಂದರೆ ಮಗುವಿನ ಕೈಯಲ್ಲಿರುವ ಆ ಸೆಲ್ಲಿನ ಮುಂದೆ ಇವೆರಡು ಬೇರೆ ಬೇರೆ ತಿರುಪುಗಳಲ್ಲ. ಒಂದನ್ನು ಮೇಲಕ್ಕೆ ತಿರುಗಿಸಿದರೆ ಇನ್ನೊಂದು ತಾನಾಗಿಯೇ ಕೆಳಕ್ಕೆ ತಿರುಗುತ್ತದೆ. ಸುತ್ತು ಹೆಚ್ಚಾದರೆ ತಂತಿ ಉದ್ದವಾಗುತ್ತದೆ, ತಂತಿ ಉದ್ದವಾದರೆ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದರೆ ಕರೆಂಟು ಇಳಿಯುತ್ತದೆ. ತೋಟಕ್ಕೆ ನೀರು ಬಿಡುವ ಯಾರನ್ನಾದರೂ ಕೇಳಿ ನೋಡಿ. ಅದೇ ಪಂಪಿಗೆ ಪೈಪು ಜೋಡಿಸುತ್ತಾ ಹೋದರೆ ಕೊನೆಯಲ್ಲಿ ಬರುವ ನೀರು ಎಷ್ಟು ಅಂತ ಅವರು ಹೇಳುತ್ತಾರೆ. ಅದಕ್ಕೆ ಅವರಿಗೆ ಬಿ.ಇ. ಬೇಕಿಲ್ಲ.

ಬರೀ ಮಾತು ಬೇಡ, ಲೆಕ್ಕ ಹಾಕೋಣ. 6 ಮಿಲಿಮೀಟರ್ ದಪ್ಪದ ಒಂದು ಬೋಲ್ಟು. ಅದರ ಮೇಲೆ 26 ಗೇಜಿನ ಎನಾಮಲ್ ತಂತಿ, ಅಂದರೆ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದಲ್ಲ, ಅದು. ತಾಮ್ರದ ದಪ್ಪ 0.46 ಮಿ.ಮೀ., ಒಂದು ಮೀಟರಿಗೆ ಸುಮಾರು 0.105 ಓಮ್ ರೋಧ. ಒತ್ತೊತ್ತಾಗಿ ಸುತ್ತಿದರೆ 5 ಸೆಂಟಿಮೀಟರ್ ಜಾಗದಲ್ಲಿ ಒಂದು ಪದರಕ್ಕೆ 100 ಸುತ್ತು ಹಿಡಿಯುತ್ತದೆ. ಒಂದೂವರೆ ವೋಲ್ಟಿನ ಒಂದು ಸೆಲ್ಲು, ಅದರ ಒಳರೋಧ ಅರ್ಧ ಓಮ್ ಅಂತ ಇಟ್ಟುಕೊಳ್ಳೋಣ. ಕಾಂತದ ಬಲವನ್ನು ಅಳೆಯಬೇಕಾದ್ದು ಸುತ್ತಿನಿಂದಲೂ ಅಲ್ಲ, ಕರೆಂಟಿನಿಂದಲೂ ಅಲ್ಲ, ಎರಡರ ಗುಣಲಬ್ಧದಿಂದ. ಅದರ ಹೆಸರು ಆಂಪಿಯರ್-ಸುತ್ತು.

100 ಸುತ್ತಿಗೆ 2.1 ಆಂಪಿಯರ್ ಹರಿಯುತ್ತದೆ, 210 ಆಂಪಿಯರ್-ಸುತ್ತು.
200 ಸುತ್ತಿಗೆ 1.56 ಆಂಪಿಯರ್, 312.
400 ಸುತ್ತಿಗೆ 0.97 ಆಂಪಿಯರ್, 386.
800 ಸುತ್ತಿಗೆ 0.48 ಆಂಪಿಯರ್, 382.
1600 ಸುತ್ತಿಗೆ 0.19 ಆಂಪಿಯರ್, 304!

ನೋಡಿದಿರಾ? ನಾನೂರರಿಂದ ಎಂಟುನೂರಕ್ಕೆ ಹೋದಾಗ ಬೆರಳು ನೋಯುವಷ್ಟು ಸುತ್ತಿದರೂ ಲಾಭ ಸೊನ್ನೆ. ಸಾವಿರದ ಆರುನೂರಕ್ಕೆ ಹೋದರೆ ನಷ್ಟ. ಯಾಕೆಂದರೆ ಪದರದ ಮೇಲೆ ಪದರ ಬಂದಂತೆ ಹೊರಗಿನ ಪ್ರತಿ ಸುತ್ತೂ ಒಳಗಿನದಕ್ಕಿಂತ ಉದ್ದ. ಅದು ರೋಧವನ್ನು ಜಾಸ್ತಿ ತರುತ್ತದೆ, ಕೊಡುವುದು ಮಾತ್ರ ಒಂದೇ ಸುತ್ತಿನ ಪುಣ್ಯ. ಇನ್ನೂ ತಮಾಷೆ ಬೇಕಾ? ಒಳರೋಧ ತೀರಾ ಕಡಿಮೆಯಿರುವ ಒಳ್ಳೆಯ ಬ್ಯಾಟರಿಯಾದರೆ ಎರಡನೇ ಪದರದಿಂದಲೇ ನಷ್ಟ ಶುರು. ಅಲ್ಲಿ ಹೆಚ್ಚಿನ ಸುತ್ತು ಮಾಡುವ ಒಂದೇ ಉಪಕಾರ ಎಂದರೆ ಬ್ಯಾಟರಿ ಬೇಗ ಸಾಯದಂತೆ, ತಂತಿ ಬಿಸಿಯಾಗದಂತೆ ನೋಡಿಕೊಳ್ಳುವುದು. ಅದೇನು ಸಣ್ಣ ಉಪಕಾರವಲ್ಲ. ಆದರೆ ಅದನ್ನು "ಶಕ್ತಿ" ಅಂತ ಯಾಕೆ ಕರೆಯಬೇಕು?

ಇಷ್ಟಕ್ಕೆಲ್ಲ ಇಷ್ಟು ಸಿಟ್ಟು ಯಾಕಪ್ಪಾ ಅಂತ ಕೇಳಬಹುದು. ಹೇಳ್ತೀನಿ. ತಿಪಟೂರಿನಲ್ಲಿರುವ ನಮ್ಮಕ್ಕನ ಮಗ ಏಳನೇ ಕ್ಲಾಸು. ಸೈನ್ಸ್ ಎಕ್ಸಿಬಿಷನ್ನಿಗೆ ಅಂತ ಮೇಲೆ ಹೇಳಿದ ಬೋಲ್ಟನ್ನೇ ತಗೊಂಡು 100, 200, 400, 800 ಸುತ್ತಿನ ನಾಲ್ಕು ಕಾಯಿಲು ಮಾಡಿದ. ಪ್ರತಿ ಸಲ ಹೊಸ ಸೆಲ್ಲು, ಎರಡೇ ಸೆಕೆಂಡು ಕನೆಕ್ಷನ್ನು, ಎಷ್ಟು ಗುಂಡುಪಿನ್ನು ಎತ್ತಿತು ಅಂತ ಎಣಿಕೆ. ಅವನಿಗೆ ಬಂದಿದ್ದು 11, 24, 36, 35. ಹುಡುಗ ರಾತ್ರಿ ಫೋನು ಮಾಡಿದ.

"ಮಾಮ, ಎಂಟುನೂರು ಸುತ್ತಿದ್ರೂ ಜಾಸ್ತಿ ಎತ್ತುತ್ತಾ ಇಲ್ಲ. ಏನೋ ತಪ್ಪಾಗಿದೆ ಅನ್ಸುತ್ತೆ."

"ತಪ್ಪಲ್ಲ ಕಣೋ, ನೀನು ಕಂಡುಹಿಡಿದಿರೋದೇ ಅದು. ಹಂಗೇ ಬರಿ," ಅಂದೆ.

ಹಾಗೇ ಬರೆದ. ಶಾಲೆಯಲ್ಲಿ ಏನಾಯಿತು ಗೊತ್ತಾ? "ಎಲ್ಲೋ ಸರಿಯಾಗಿ ಸುತ್ತಿಲ್ಲ ನೀನು. 800ಕ್ಕೆ 70 ಅಂತ ಹಾಕು, ಗ್ರಾಫು ನೆಟ್ಟಗಾಗುತ್ತೆ" ಅಂತ ಹೇಳಿ ತಿದ್ದಿಸಿದರು. ಅಳಿಸಿ ಬರೆದ ಆ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು ಅಂತ ಅಕ್ಕ ಹೇಳಿದಳು. ಬಹುಮಾನ ಸಿಕ್ಕಿದ್ದು ಅಂಗಡಿಯಿಂದ ರೆಡಿಮೇಡ್ ತಂದ ಒಂದು ಥರ್ಮೋಕೋಲ್ ಮಾಡೆಲ್ಲಿಗೆ. ಬಹುಮಾನದ ವಿಷಯ ಬಿಡಿ, ಅದು ಯಾವಾಗಲೂ ಇದ್ದದ್ದೇ. ಆದರೆ ಹನ್ನೆರಡು ವರ್ಷದ ಹುಡುಗನೊಬ್ಬ ಮೊಟ್ಟಮೊದಲ ಬಾರಿಗೆ ಪ್ರಕೃತಿಯನ್ನು ಒಂದು ಪ್ರಶ್ನೆ ಕೇಳಿದ್ದ. ಅದು ಪ್ರಾಮಾಣಿಕವಾಗಿ "35" ಅಂತ ಉತ್ತರ ಕೊಟ್ಟಿತ್ತು. ಆ ಉತ್ತರವನ್ನು ರಬ್ಬರಿನಿಂದ ಅಳಿಸಿ ಗೈಡಿನ ಉತ್ತರ ಬರೆಸಿದರಲ್ಲ, ಇದಕ್ಕಿಂತ ದೊಡ್ಡ ಅವೈಜ್ಞಾನಿಕ ಕೆಲಸ ಇನ್ನೇನಿದೆ? ಮುಂದೆ ಇಂಜಿನಿಯರಿಂಗ್ ಲ್ಯಾಬುಗಳಲ್ಲಿ ಫಲಿತಾಂಶದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವ ಸಂಸ್ಕೃತಿ ಇದೆಯಲ್ಲ, ಅದರ ಬೀಜ ಬೀಳುವುದು ಇಲ್ಲೇ.

ವಿಚಿತ್ರ ಏನು ಗೊತ್ತಾ? ಹುಡುಗ ಕಂಡುಕೊಂಡಿದ್ದು ಹೊಸದೇನಲ್ಲ. ಇದಕ್ಕೆ ಸುಮಾರು ಇನ್ನೂರು ವರ್ಷದ ಇತಿಹಾಸ ಇದೆ. 1820ರಲ್ಲಿ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್, ಚಮ್ಮಾರಿಕೆ ಕಲಿತು ಸೈನ್ಯ ಸೇರಿ ತಾನಾಗಿಯೇ ವಿಜ್ಞಾನ ಓದಿಕೊಂಡ ಮನುಷ್ಯ, ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಆಡಿಸ್‌ಕೋಂಬ್ ಸೈನಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು, 1825ರಲ್ಲಿ ಮೊದಲ ವಿದ್ಯುತ್ಕಾಂತ ತೋರಿಸಿದ. ಕುದುರೆ ಲಾಳದ ಹಾಗೆ ಬಗ್ಗಿಸಿದ ಕಬ್ಬಿಣ, ಅದಕ್ಕೆ ವಾರ್ನಿಷ್ ಬಳಿದು, ಮೇಲೆ ಬರಿಯ ತಾಮ್ರದ ತಂತಿಯ 18 ಸುತ್ತು. ಬರೀ ಹದಿನೆಂಟು! ಸುಮಾರು 200 ಗ್ರಾಂ ತೂಕದ ಆ ಕಬ್ಬಿಣ 4 ಕಿಲೋ ಎತ್ತಿತು.

ಆಮೇಲೆ ಬಂದವನು ಅಮೆರಿಕದ ಜೋಸೆಫ್ ಹೆನ್ರಿ. ಬಡವರ ಮನೆಯ ಹುಡುಗ, ಆಲ್ಬನಿ ಅಕಾಡೆಮಿಯಲ್ಲಿ ಮೇಷ್ಟ್ರು. ಕಬ್ಬಿಣಕ್ಕೆ ಹೊದಿಕೆ ಹಾಕುವ ಬದಲು ತಂತಿಗೇ ರೇಷ್ಮೆ ಸುತ್ತಿ, ಒತ್ತೊತ್ತಾಗಿ, ಪದರದ ಮೇಲೆ ಪದರ ಹಾಕಿದ. ಗೈಡು ಬರೆಯುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹೆನ್ರಿಯ ನಿಜವಾದ ಜಾಣತನ ಇರುವುದು ಮುಂದೆ. 9.5 ಕಿಲೋ ತೂಕದ ಲಾಳದ ಮೇಲೆ ಅವನು ಒಂದೇ ಉದ್ದನೆಯ ತಂತಿ ಸುತ್ತಲಿಲ್ಲ. ತಲಾ 60 ಅಡಿಯ ಒಂಬತ್ತು ಬೇರೆ ಬೇರೆ ಸುರುಳಿ ಸುತ್ತಿ, ಅಷ್ಟನ್ನೂ ಒಂದೇ ಸೆಲ್ಲಿಗೆ ಸಮಾಂತರವಾಗಿ ಜೋಡಿಸಿದ. ಅದು 650 ಪೌಂಡು, ಅಂದರೆ ಸುಮಾರು 295 ಕಿಲೋ ಎತ್ತಿತು. 1831ರಲ್ಲಿ ಯೇಲ್ ಕಾಲೇಜಿಗೆ ಮಾಡಿಕೊಟ್ಟ ಇನ್ನೂ ದೊಡ್ಡ ಕಾಂತ 2000 ಪೌಂಡಿಗೂ ಮಿಕ್ಕಿ ಹೊತ್ತಿತು. ಹಾಗಂತ ಉದ್ದ ತಂತಿ ದಂಡ ಅಂತಲೂ ಅವನು ಹೇಳಲಿಲ್ಲ. ಸಾಲಾಗಿ ಜೋಡಿಸಿದ ಹಲವು ಸೆಲ್ಲಿನ ಬ್ಯಾಟರಿ ಇದ್ದರೆ ಉದ್ದ ತಂತಿಯ ಒಂದೇ ಸುರುಳಿ ಸರಿ, ಒಂದೇ ದೊಡ್ಡ ಸೆಲ್ಲು ಇದ್ದರೆ ಗಿಡ್ಡ ತಂತಿಯ ಹಲವು ಸುರುಳಿ ಸರಿ ಅಂದ. ಅಂದರೆ ಬ್ಯಾಟರಿಗೆ ತಕ್ಕ ಸುರುಳಿ! ಓಮ್ ತನ್ನ ನಿಯಮವನ್ನು 1827ರಲ್ಲೇ ಪ್ರಕಟಿಸಿದ್ದರೂ ಹೆನ್ರಿಗೆ ಆಗಿನ್ನೂ ಅದರ ಪರಿಚಯ ಇರಲಿಲ್ಲ. ಸುತ್ತಿ, ತೂಕ ಕಟ್ಟಿ, ಬರೆದಿಟ್ಟುಕೊಂಡೇ ಅವನು ಇದನ್ನು ಕಲಿತ. ನಮ್ಮ ಮಕ್ಕಳು ಓಮ್ ನಿಯಮವನ್ನು ಒಂದು ಪಾಠದಲ್ಲಿ, ವಿದ್ಯುತ್ಕಾಂತವನ್ನು ಇನ್ನೊಂದು ಪಾಠದಲ್ಲಿ ಓದಿ, ಎರಡೂ ಬೇರೆ ಬೇರೆ ಊರಿನ ಸುದ್ದಿ ಅಂದುಕೊಂಡು ಪಾಸಾಗುತ್ತಾರೆ.

ಸರಿ, ಹಾಗಾದರೆ ಮನೆಯಲ್ಲಿ ಗಟ್ಟಿ ಕಾಂತ ಮಾಡುವುದು ಹೇಗೆ? ಬೈದಿದ್ದು ಸಾಕು, ಕೆಲಸಕ್ಕೆ ಬರೋಣ.

ಮೊದಲನೆಯ ಮಾತು, ಮೊಳೆಯನ್ನು ಬಿಡಿ. ಕಾಂತಕ್ಷೇತ್ರದ ರೇಖೆಗಳು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಮರಳಲೇಬೇಕು. ನೇರ ಮೊಳೆಯಲ್ಲಿ ಆ ವಾಪಸ್ ದಾರಿ ಪೂರ್ತಿ ಗಾಳಿ. ಕಬ್ಬಿಣ ಕಾಂತಕ್ಷೇತ್ರವನ್ನು ಗಾಳಿಗಿಂತ ಸಾವಿರಾರು ಪಟ್ಟು ಸುಲಭವಾಗಿ ಹಾಯಿಸಬಲ್ಲದು, ನಿಜ. ಆದರೆ ದಪ್ಪದ ಹತ್ತರಷ್ಟು ಉದ್ದ ಇರುವ ನೇರ ಸರಳಿನಲ್ಲಿ ನಿಮಗೆ ನಿಜವಾಗಿ ದಕ್ಕುವ ಲಾಭ ಐವತ್ತು ಪಟ್ಟಿನ ಆಸುಪಾಸು. ಉಳಿದದ್ದೆಲ್ಲ ಗಾಳಿಗೆ ಸಂದಾಯ! ಅದೇ ಕಬ್ಬಿಣವನ್ನು ಲಾಳದ ಹಾಗೆ ಬಗ್ಗಿಸಿ, ಎರಡೂ ತುದಿಗೆ ಚಪ್ಪಟೆ ಕಬ್ಬಿಣದ ಪಟ್ಟಿ ಕೂರಿಸಿದರೆ ದಾರಿ ಮುಚ್ಚಿದ ಉಂಗುರವಾಗುತ್ತದೆ. ಸ್ಟರ್ಜನ್ ಮತ್ತು ಹೆನ್ರಿ ಇಬ್ಬರೂ ಲಾಳವನ್ನೇ ಬಳಸಿದ್ದು ಅಂದಕ್ಕಲ್ಲ.

ಎರಡನೆಯದು, ಸಂದು. ಮುಖಕ್ಕೆ ಮುಖ ಕೂಡುವಲ್ಲಿ ಬರೀ 0.1 ಮಿ.ಮೀ. ಸಂದು ಉಳಿದರೂ, ಅಂದರೆ ಒಂದು ಹಾಳೆ ಕಾಗದದಷ್ಟು, ಅಲ್ಲಿ 1 ಟೆಸ್ಲಾ ಕ್ಷೇತ್ರ ದಾಟಿಸಲು 80 ಆಂಪಿಯರ್-ಸುತ್ತು ಖರ್ಚಾಗುತ್ತದೆ. ಲಾಳಕ್ಕೆ ಎರಡು ಸಂದು, ಅಲ್ಲಿಗೆ 160. ಸಂದು 1 ಮಿ.ಮೀ. ಆದರೆ ಒಂದೊಂದಕ್ಕೂ 800! ಮುನ್ನೂರು ಸುತ್ತು ಜಾಸ್ತಿ ಹಾಕುವ ಬದಲು ಅರ್ಧ ಗಂಟೆ ಕೂತು ಮುಖವನ್ನು ಅರದಿಂದ ಉಜ್ಜಿ, ಮರಳು ಕಾಗದದಿಂದ ಸಮ ಮಾಡಿದರೆ ಸಿಗುವ ಲಾಭ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಯಾವ ಗೈಡಿನಲ್ಲಾದರೂ "ಶಕ್ತಿ ಹೆಚ್ಚಿಸಲು ಅರ ಹಾಕಿ" ಅಂತ ಓದಿದ್ದೀರಾ?

ಮೂರನೆಯದು, ಮುಖದ ವಿಸ್ತೀರ್ಣ. 1 ಟೆಸ್ಲಾದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸಿಗುವ ಎಳೆತ ಸುಮಾರು 4 ಕಿಲೋ. ಕ್ಷೇತ್ರ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟು, 16 ಕಿಲೋ. ಆದರೆ ಮೆತು ಕಬ್ಬಿಣ 2 ಟೆಸ್ಲಾದ ಹತ್ತಿರ ಬರುವಷ್ಟರಲ್ಲಿ ಕೈಯೆತ್ತಿಬಿಡುತ್ತದೆ. ಆಮೇಲೆ ನೀವು ಕರೆಂಟು ಹೆಚ್ಚಿಸಿ, ಸುತ್ತು ಹೆಚ್ಚಿಸಿ, ತಂತಿ ಬಿಸಿಯಾಗುವುದು ಬಿಟ್ಟರೆ ಬೇರೇನೂ ದೊಡ್ಡದಾಗಿ ಆಗುವುದಿಲ್ಲ. ಇಲ್ಲಿಗೆ ಎರಡನೆಯ ಅಂಕದ ಉತ್ತರಕ್ಕೂ ಒಂದು ಮಿತಿ ಇದೆ ಅಂತಾಯಿತು.

ನಾಲ್ಕನೆಯದು, ಕಬ್ಬಿಣದ ಜಾತಿ. ಗಟ್ಟಿ ಉಕ್ಕಿನ ಸ್ಕ್ರೂ ಬೇಡ, ಕರೆಂಟು ತೆಗೆದ ಮೇಲೂ ಅದು ಕಾಂತವಾಗಿಯೇ ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹೆಚ್ಚಿನ ಬೋಲ್ಟುಗಳಂತೂ ಕಾಂತಕ್ಕೆ ಕ್ಯಾರೇ ಅನ್ನುವುದಿಲ್ಲ. ಸಾದಾ ಎಂ.ಎಸ್. ಸರಳು ತಗೊಳ್ಳಿ. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಟ್ಟರೆ ಇನ್ನೂ ಮೆತ್ತಗಾಗುತ್ತದೆ.

ಇದೆಲ್ಲ ಒಂದೇ ಕಡೆ ಸಿಗಬೇಕಾ? ಹಳೇ ಟ್ರಾನ್ಸ್‌ಫಾರ್ಮರ್ ಹುಡುಕಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಊರಿನವರಿಗೆ ಗುಜರಿ ಅಂಗಡಿ ಇದೆ. ಒಳಗೆ 'ಇ' ಮತ್ತು 'ಐ' ಆಕಾರದ ತಗಡುಗಳು ಎದುರು ಬದುರಾಗಿ ಹೆಣೆದಿರುತ್ತವೆ. ಬಿಚ್ಚಿ, 'ಇ'ಗಳನ್ನೆಲ್ಲ ಒಂದೇ ಕಡೆ ಮುಖ ಮಾಡಿ ಮತ್ತೆ ತೂರಿಸಿ, ಮುಖವನ್ನು ಸಮ ಮಾಡಿ. 'ಐ'ಗಳನ್ನು ಒಟ್ಟಿಗೆ ಕಟ್ಟಿದರೆ ಅದೇ ಎತ್ತುವ ಪಟ್ಟಿ. ನಾನು ಮಾಡಿದ್ದರಲ್ಲಿ ನಡುವಿನ ಕಂಬ 4 ಚದರ ಸೆಂ.ಮೀ., ಅಕ್ಕಪಕ್ಕದ ಎರಡೂ ಸೇರಿ ಇನ್ನೊಂದು 4. ಅದರ 230 ವೋಲ್ಟಿನ ಕಡೆಯ ಸುರುಳಿಗೆ (ಎರಡು ಸಾವಿರದಷ್ಟು ಸುತ್ತು ಇರುತ್ತದೆ) 12 ವೋಲ್ಟಿನ ಬ್ಯಾಟರಿ ಕೊಟ್ಟೆ. ಹರಿದದ್ದು ಸುಮಾರು 70 ಮಿಲಿ ಆಂಪಿಯರ್, ಅಂದರೆ ಒಂದು ವ್ಯಾಟಿಗಿಂತ ಕಡಿಮೆ. ಕೆಳಗೆ 20 ಲೀಟರಿನ ತುಂಬಿದ ನೀರಿನ ಕ್ಯಾನು ಹಾಯಾಗಿ ನೇತಾಡಿತು! ಮುಖದ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟೆ, ಕ್ಯಾನು ನೆಲ ಬಿಟ್ಟು ಏಳಲಿಲ್ಲ.

ಎಚ್ಚರಿಕೆ ಹೇಳಲೇಬೇಕು. ಯಾವ ಕಾರಣಕ್ಕೂ ಮನೆಯ ಪ್ಲಗ್ಗಿಗೆ ನೇರ ಸಿಕ್ಕಿಸಬೇಡಿ. ಮೈಕ್ರೋವೇವ್ ಓವನ್ ಬಿಚ್ಚಿ ಟ್ರಾನ್ಸ್‌ಫಾರ್ಮರ್ ತೆಗೆಯುವ ಸಾಹಸ ಬೇಡ, ಅದರ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು. ಲ್ಯಾಪ್‌ಟಾಪಿನ ಲಿಥಿಯಂ ಸೆಲ್ಲನ್ನು ನಾಲ್ಕು ಸುತ್ತಿನ ತಂತಿಗೆ ಕೊಡುವುದೂ ಬೇಡ, ಬೆಂಕಿ ಹತ್ತುತ್ತದೆ. ಇನ್ನು, ಬಹಳ ಸುತ್ತಿನ ಸುರುಳಿಯ ಕನೆಕ್ಷನ್ ತಪ್ಪಿಸಿದ ಕ್ಷಣ ನೂರಾರು ವೋಲ್ಟು ಚಿಮ್ಮುತ್ತದೆ. ತಂತಿಯ ಎರಡು ತುದಿಗೆ ಒಂದು ಡಯೋಡನ್ನು ಉಲ್ಟಾ ಹಾಕಿಟ್ಟರೆ ಅದು ಅಲ್ಲೇ ಶಾಂತವಾಗುತ್ತದೆ. ಉದ್ದ ತಂತಿ ಬಿಡಿಸಿದಾಗ ಹಾರುವ ಈ ಕಿಡಿಯನ್ನು 1832ರಲ್ಲಿ ಬರೆದು ಪ್ರಕಟಿಸಿದವನೂ ಅದೇ ಹೆನ್ರಿ. ಇಂಡಕ್ಟೆನ್ಸಿನ ಮಾನಕ್ಕೆ ಅವನ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಈಗ ಎದುರು ವಾದಗಳಿಗೆ ಬರೋಣ. "ಮಕ್ಕಳಿಗೆ ಸರಳವಾಗಿ ಹೇಳಬೇಕಲ್ರೀ, ಒಳರೋಧ ಗಿಳರೋಧ ಅಂದ್ರೆ ಅರ್ಥ ಆಗುತ್ತಾ?" ಆಗುತ್ತೆ ಸ್ವಾಮಿ. "ತಂತಿ ಉದ್ದವಾದರೆ ಕರೆಂಟು ಕಡಿಮೆಯಾಗುತ್ತದೆ, ಅದಕ್ಕೇ ಒಂದು ಹಂತದ ಮೇಲೆ ಸುತ್ತಿ ಲಾಭವಿಲ್ಲ." ಇದರಲ್ಲಿ ಕಷ್ಟದ ಪದ ಯಾವುದಿದೆ? ಸರಳ ಮಾಡುವುದು ಬೇರೆ, ಸುಳ್ಳು ಮಾಡುವುದು ಬೇರೆ. ಸರಳ ಮಾಡಿದ ಮಾತನ್ನು ಮಗು ಪರೀಕ್ಷೆ ಮಾಡಿ ನೋಡಿದರೆ ಅದು ನಿಲ್ಲಬೇಕು.

"ಈಗ ನಿಯೋಡಿಮಿಯಂ ಕಾಂತ ಅಗ್ಗಕ್ಕೆ ಸಿಗುತ್ತೆ, ಇದೆಲ್ಲ ಯಾಕೆ?" ಸಿಗುತ್ತೆ. ಆದರೆ ಅದನ್ನು ಬೇಕಾದಾಗ ಆರಿಸಲು ಬರುವುದಿಲ್ಲ. ನಮ್ಮೂರ ಪಂಪ್‌ಸೆಟ್ಟಿನ ಸ್ಟಾರ್ಟರ್ ಒಳಗೆ ಇರುವುದು ವಿದ್ಯುತ್ಕಾಂತವೇ. ವೋಲ್ಟೇಜು ಇಳಿದಾಗ ಅದು ಗರ್ರ್ ಅನ್ನುವುದು, ಮುಖದಲ್ಲಿ ಧೂಳು ಕೂತು ಪೂರ್ತಿ ಕೂಡದಿದ್ದಾಗ ಕಾಯಿಲು ಸುಟ್ಟುಹೋಗುವುದು, ಇವೆಲ್ಲ ಮೇಲೆ ಹೇಳಿದ ಸಂದಿನ ಕಥೆಯೇ. ಇನ್ನೊಂದು ಮಜಾ ಕೇಳಿ, ಆ ಎ.ಸಿ. ಕಾಯಿಲಿನಲ್ಲಿ ಗೈಡಿನ ವಾಕ್ಯ ಪೂರ್ತಿ ತಲೆಕೆಳಗು. ಅದೇ ವೋಲ್ಟೇಜಿಗೆ ಸುತ್ತು ಕಡಿಮೆ ಮಾಡಿದರೆ ಕಾಂತಕ್ಷೇತ್ರ ಹೆಚ್ಚುತ್ತದೆ, ಜೊತೆಗೆ ಕಾಯಿಲೂ ಹೊಗೆಯಾಡುತ್ತದೆ. ರೀವೈಂಡಿಂಗ್ ಅಂಗಡಿಯವನು ಸುತ್ತನ್ನು ಒಂದೊಂದಾಗಿ ಎಣಿಸುವುದು ಇದಕ್ಕೇ. ಗೇಜು ನೋಡಿ, ಸುತ್ತು ಎಣಿಸಿ, ಹಳೆಯದು ಯಾಕೆ ಸುಟ್ಟಿತು ಅಂತ ಮೂಸಿಯೇ ಹೇಳುವ ಆ ಮನುಷ್ಯನನ್ನು ಯಾವ ಶಾಲೆಯೂ ಸೈನ್ಸ್ ಎಕ್ಸಿಬಿಷನ್ನಿನ ತೀರ್ಪುಗಾರನಾಗಿ ಕರೆಯುವುದಿಲ್ಲ. ನಮ್ಮಂಥ ಕೀಬೋರ್ಡು ಕುಟ್ಟುವವರನ್ನು ಮಾತ್ರ ಶಾಲು ಹೊದೆಸಿ ಕರೆಯುತ್ತಾರೆ!

ಕೊನೆಯದಾಗಿ ನನ್ನ ಜಾತಿಯವರಿಗೇ ಒಂದು ಮಾತು. ಐದನೇ ಕ್ಲಾಸಿನ ಮಗುವಿಗೆ ಕೋಡಿಂಗ್ ಕ್ಲಾಸಿಗೆ ಸಾವಿರಾರು ರೂಪಾಯಿ ಕಟ್ಟುವ ಸಾಫ್ಟ್‌ವೇರ್ ಅಪ್ಪ ಅಮ್ಮಂದಿರೇ, ನೂರು ಗ್ರಾಂ ವೈಂಡಿಂಗ್ ತಂತಿ, ಒಂದು ಬೋಲ್ಟು, ಒಂದು ಡಬ್ಬಿ ಗುಂಡುಪಿನ್ನು ಕೊಡಿಸಿ. ಸ್ಕ್ರೀನಿನ ಮೇಲೆ ಎಲ್ಲವೂ ಬರೆದವನು ಹೇಳಿದ ಹಾಗೇ ಕೇಳುತ್ತವೆ. ಗುಂಡುಪಿನ್ನು ಯಾರ ಮಾತನ್ನೂ ಕೇಳುವುದಿಲ್ಲ. ಅದನ್ನು ಎಣಿಸಲು ಕಲಿತ ಮಗು ಮುಂದೆ ಯಾವ ಗೈಡಿಗೂ, ಯಾವ ಫಾರ್ವರ್ಡ್ ಮೆಸೇಜಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಮೇಷ್ಟ್ರುಗಳಿಗೆ ನನ್ನ ಬೇಡಿಕೆ ಎರಡೇ. ಪ್ರಶ್ನೆಯನ್ನು "ಇದೇ ಸೆಲ್ಲು ಇಟ್ಟುಕೊಂಡು ಶಕ್ತಿ ಹೆಚ್ಚಿಸುವುದು ಹೇಗೆ?" ಅಂತ ಬದಲಿಸಿ. ಮತ್ತೆ, ಮಗು ಬರೆದ ರೀಡಿಂಗಿನ ಮೇಲೆ ರಬ್ಬರ್ ಆಡಿಸಬೇಡಿ. ಅಂಕಿ ಗೈಡಿಗೆ ಹೊಂದದಿದ್ದರೆ ಅದರ ಪಕ್ಕದಲ್ಲಿ "ಯಾಕೆ?" ಅಂತ ಬರೆಸಿ, ಸಾಕು.

ಇಷ್ಟು ಓದಿಯೂ "ಇಲ್ಲ, ಸುತ್ತು ಹೆಚ್ಚಾದಷ್ಟೂ ಶಕ್ತಿ ಹೆಚ್ಚೇ" ಅನ್ನುವವರು ಯಾರಾದರೂ ಇದ್ದರೆ ವಾದ ಬೇಡ. ಒಂದೇ ಸೆಲ್ಲಿಗೆ 1600 ಸುತ್ತು ಸುತ್ತಿ, ಪಿನ್ನು ಎಣಿಸಿ, ಅಂಕಿ ಕಳಿಸಿ.

ಆದರೆ ಅಳಿಸದೇ ಕಳಿಸಿ, ಆಯ್ತಾ? :)